ಭೈರವಿಯ ಹೊತ್ತಿಗೆ ಎಣ್ಣೆ

ಮೊನ್ನೆ ಮೇಜಿನ ಮೇಲೆ ಕಿತ್ತಳೆ ಬಣ್ಣದ ಎರಡು ಪುಟ್ಟ ಗುಳಿಗೆಗಳು ಬಿದ್ದಿದ್ದವು. ಮುಟ್ಟಿದರೆ ಮೆತ್ತಗೆ. ಮೊಮ್ಮಗಳು ತಂದಿಟ್ಟ ಪೆಪ್ಪರ್‌ಮಿಂಟಿರಬೇಕು ಎಂದುಕೊಂಡು ಒಂದನ್ನು ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಅವಳು ಒಳಗಿನಿಂದ ಓಡಿ ಬಂದಳು.

"ಅಜ್ಜಿ, ಏನ್ ಮಾಡಾಕತ್ತಿ! ಅದು ತಿನ್ನೂದಲ್ಲ, ಕಿವ್ಯಾಗ ಇಟ್ಕೊಳ್ಳೂದು!"

ಗೆಳತಿಯರ ಜೊತೆ ಪುಣೆಗೆ ಹಾಡಿನ ಕಾರ್ಯಕ್ರಮಕ್ಕೆ ಹೊರಟಿದ್ದಳು. ಹೋಗುವವರು ಏನೇನು ಮಾಡಬೇಕು ಎಂಬ ಪಟ್ಟಿ ಅವಳ ಫೋನಿನಲ್ಲಿತ್ತು. ಓದಿ ಹೇಳಿದಳು: ಬೇಗ ಹೋಗಿ, ನೋಯದಂಥ ಬೂಟು ಹಾಕಿಕೊಳ್ಳಿ, ನೀರು ಕುಡಿಯುತ್ತಿರಿ, ಹೊರಗೆ ಹೋಗುವ ಬಾಗಿಲು ಎಲ್ಲಿದೆ ನೋಡಿಟ್ಟುಕೊಳ್ಳಿ, ಸ್ಪೀಕರಿನ ಮುಂದೆ ನಿಲ್ಲಬೇಡಿ, ಕಿವಿಗೆ ಬಿರಡೆ ಮರೆಯಬೇಡಿ.

"ಹಾಡು ಕೇಳಾಕ ಹೋಗಿ ಕಿವಿ ಮುಚ್ಚಿಕೊಳ್ಳೂದು ಎಂಥಾದ?" ಎಂದೆ.

"ಮುಂದಿನ ಹಾಡಿಗೆ ಕಿವಿ ಉಳೀಬೇಕಲ್ಲಜ್ಜಿ! ನಿನ್ನ ಕಾಲದಾಗ ಇಂಥಾ ನಿಯಮ ಇದ್ದಿಲ್ಲೇನು?"

ಇದ್ದವು. ಆದರೆ ಯಾರೂ ಬರೆದಿಟ್ಟಿರಲಿಲ್ಲ, ದೊಡ್ಡವ್ವನ ಬಾಯಲ್ಲಿದ್ದವು. ಮೊಮ್ಮಗಳಿಗೆ ಬಸ್ಸಿನ ಹೊತ್ತಾಗಿತ್ತು. ಬಿರಡೆಗಳನ್ನು ಡಬ್ಬಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಹೇಳಬೇಕೆಂದಿದ್ದ ಮಾತು ನನ್ನಲ್ಲೇ ಉಳಿಯಿತು. ಈಗ ನಿಮಗೆ ಹೇಳುತ್ತಿದ್ದೇನೆ ಅನ್ನಿ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅಕ್ಕಿಆಲೂರಿನಲ್ಲಿ ನಮ್ಮದು ಅಕ್ಕಿ ಗಿರಣಿಯ ಮನೆ. ಗಿರಣಿ ಹಿತ್ತಲಿಗೆ ಅಂಟಿಕೊಂಡಿತ್ತು. ಇಂಜಿನ್ನಿನ ಸದ್ದಿನಲ್ಲೇ ಹುಟ್ಟಿ ಬೆಳೆದ ನಮಗೆ ಅದು ನಡೆಯುವಾಗ ಕೇಳಿಸುತ್ತಲೇ ಇರಲಿಲ್ಲ; ನಿಂತಾಗ ಮಾತ್ರ ಬೆಚ್ಚಿ ಕತ್ತೆತ್ತುತ್ತಿದ್ದೆವು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಒಂದು ದಿನ ದೊಡ್ಡಪ್ಪ ಬೆಳಿಗ್ಗೆಯೇ ಅದನ್ನು ನಿಲ್ಲಿಸಿಬಿಡುತ್ತಿದ್ದ. ಭತ್ತದ ಚೀಲ ಹೇರಿಕೊಂಡು ಬಂದವರು ಒಬ್ಬರೂ ಗೊಣಗುತ್ತಿರಲಿಲ್ಲ. "ಗಿರಣಿ ನಿಂತೈತಿ, ಬುವಾ ಬಂದಾರ" ಎನ್ನುತ್ತ ಚಕ್ಕಡಿಯ ಎತ್ತು ಬಿಚ್ಚಿ, ಕಂಬಳಿ ಮಡಿಸಿ, ನಮ್ಮ ಕಟ್ಟೆಯ ಮೇಲೆ ಜಾಗ ಹಿಡಿಯುತ್ತಿದ್ದರು.

ದೊಡ್ಡ ಹಾಡುಗಾರರನ್ನು ನಮ್ಮ ಕಡೆ ಬುವಾ ಎನ್ನುವುದು ವಾಡಿಕೆ. ಈ ಬುವಾ ಧಾರವಾಡದ ಕಡೆಯವರು. ಶಿಗ್ಗಾವಿಯಲ್ಲಿ ಬಸ್ಸಿನಿಂದಿಳಿದರೆ ದೊಡ್ಡಪ್ಪ ಅಲ್ಲಿಗೇ ಮೋಟಾರು ತೆಗೆದುಕೊಂಡು ಹೋಗಿ ತಂಬೂರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ತಬಲಾ ಮಾಸ್ತರು ಸವಣೂರಿನವರು. ಬರುವಾಗ ದೊಡ್ಡವ್ವನಿಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆ ತರುವುದನ್ನು ಒಮ್ಮೆಯೂ ಮರೆತವರಲ್ಲ. ಬೇರೆ ಊರುಗಳಲ್ಲಿ ಬುವಾ ರಾತ್ರಿಯೆಲ್ಲ ಹಾಡುತ್ತಿದ್ದರಂತೆ. ನಮ್ಮಲ್ಲಿ ಮಾತ್ರ ಬೆಳಗಿನ ಹಾಡು. ದೊಡ್ಡಪ್ಪ ಸಂಗೀತದ ಭಕ್ತನೇನೋ ಹೌದು. ಆದರೆ ದೀಪ ಹಚ್ಚಿದ ಒಂದು ತಾಸಿಗೆ ಅವನ ಗೊರಕೆಯೂ ಶುರುವಾಗುತ್ತಿತ್ತು.

ಗಂಡಸರು ಪಡಸಾಲೆಯಲ್ಲಿ, ನಾವು ಹೆಂಗಸರು ಮಕ್ಕಳು ನಡುಮನೆಯಲ್ಲಿ. ನಡುವಿನ ಬಾಗಿಲು ಅರ್ಧ ತೆರೆದಿರುತ್ತಿತ್ತು. ನಾನು ಕೂರುತ್ತಿದ್ದ ಜಾಗದಿಂದ ತಬಲಾ ಮಾಸ್ತರರ ಬಲ ಮೊಳಕೈ ಮತ್ತು ತಂಬೂರಿಯ ಬುರುಡೆ, ಇವೆರಡೇ ಕಾಣುತ್ತಿದ್ದವು. ಆ ಬುರುಡೆಯೇ ಹಾಡುತ್ತದೆಂದು ಬಹಳ ದಿನ ತಿಳಿದಿದ್ದೆ.

ಹಾಡು ಶುರುವಾಗುವ ಮೊದಲು ದೊಡ್ಡವ್ವ ಪಾಳಿಯ ಮೇಲೆ ಎಲ್ಲರ ಕೈ ನೋಡುತ್ತ ಬರುತ್ತಿದ್ದಳು. "ಬಳಿ ಮ್ಯಾಲ ಸರಸ್ಕೋರಿ, ತಂಬೂರಿ ಜೋಡಿ ಜಗಳಾ ಆಡತಾವ." ಎಲ್ಲ ಹೆಂಗಸರೂ ಗಾಜಿನ ಬಳೆಗಳನ್ನು ಮೊಳಕೈವರೆಗೆ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಅದರ ಕೆಂಪು ಗುರುತು ಸಂಜೆಯವರೆಗೂ ತೋಳಿನ ಮೇಲಿರುತ್ತಿತ್ತು. ಮಕ್ಕಳ ಕಾಲ್ಗೆಜ್ಜೆಗೆ ಅರಿವೆ ಸುತ್ತುವುದು ನನ್ನ ಕೆಲಸ. ಬೆಳಗಿನ ನಾಷ್ಟಾ ಅರ್ಧ ರೊಟ್ಟಿಯ ಮೇಲೆ ಕೇಳುವಂತಿರಲಿಲ್ಲ. "ತುಂಬಿದ ಹೊಟ್ಟಿ ನಿದ್ದಿ ಕೇಳತೈತಿ, ಹಾಡು ಕೇಳೂದಿಲ್ಲ." ತಂಬೂರಿ ಶ್ರುತಿ ಮಾಡುವ ಹೊತ್ತಿಗೆ ಬಂದು ಕೂತಿರಬೇಕು. "ಅವರು ತಂತಿ ಹೊಂದಸ್ತಾರ, ಅಷ್ಟ್ರಾಗ ನಾವು ಕಿವಿ ಹೊಂದಸ್ಕೋಬೇಕು." ತಡವಾಗಿ ಬಂದ ಬೀಗತಿಯೊಬ್ಬಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಒಂದು ಚೀಜು, ಅಂದರೆ ಒಂದು ಇಡೀ ಹಾಡು, ಮುಗಿಯುವ ತನಕ ಒಳಗೆ ಬಿಡದೆ, ಆಮೇಲೆ ಎರಡು ವರ್ಷ ಆಕೆಯಿಂದ ಮಾತು ಬಿಡಿಸಿಕೊಂಡವಳು ನಮ್ಮ ದೊಡ್ಡವ್ವ. ಎಲ್ಲಕ್ಕಿಂತ ಕಠಿಣವಾದ ನಿಯಮ ಕೊನೆಯದು: "ಮುಗದ ಕೂಡ್ಲೆ ಚಲೋ ಆತು, ಚಲೋ ಆತು ಅಂತ ಒದರಬ್ಯಾಡ್ರಿ. ಬಾಯಿ ತಗದ್ರ ಹಾರಿ ಹೋಗತೈತಿ. ಒಂದಿನಾ ಒಳಗ ಇರಲಿ."

ಹನ್ನೊಂದನೆಯ ವಯಸ್ಸಿಗೆ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರು ಪಿಯಾನೋ ಬಾರಿಸುವಾಗ ಕೂರುವ ರೀತಿಯೇ ಬೇರೆ. ಬೆನ್ನು ನೆಟ್ಟಗೆ, ಎರಡೂ ಕೈ ತೊಡೆಯ ಮೇಲೆ, ಕತ್ತು ಅಲ್ಲಾಡಬಾರದು, ಉಸಿರೂ ಕೇಳಿಸಬಾರದು. ರಜೆಗೆ ಬಂದವಳು ನಡುಮನೆಯಲ್ಲಿ ಬುವಾ ಅವರ ಹಾಡಿಗೂ ಹಾಗೆಯೇ ಕೂತೆ. ಸುತ್ತ ಎಲ್ಲರೂ ತೊಡೆ ತಟ್ಟುತ್ತ, ತಲೆ ತೂಗುತ್ತ, "ಆಹಾ, ಏನಂದ್ನವಾ!" ಎಂದು ಸಣ್ಣಗೆ ನರಳುತ್ತ ಕೇಳುತ್ತಿದ್ದರೆ ನಾನೊಬ್ಬಳು ಕಟ್ಟಿಗೆಯ ಗೊಂಬೆ. ದೊಡ್ಡವ್ವ ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ಹತ್ತಿರ ಸರಿದು ಹಣೆ ಮುಟ್ಟಿ ಪಿಸುಗುಟ್ಟಿದಳು.

"ಯಾಕವ್ವಾ, ಹೊಟ್ಟಿ ನೋಯಾಕತ್ತೈತೇನು?"

"ಇಲ್ಲ ದೊಡ್ಡವ್ವಾ, ಹಾಡು ಕೇಳಾಕತ್ತೇನಿ."

"ಹಂಗ ಯಾರರ ಕೇಳತಾರೇನ? ಹಾಡಾಂವಗ ಗೊತ್ತಾಗಬ್ಯಾಡೇನು, ನಮಗ ಮುಟ್ಟೇತಿ ಅಂತ?"

ಆದರೆ ಹಾಡುವವರಿಗೆ ನಾವು ಕಾಣಿಸುತ್ತಲೇ ಇರಲಿಲ್ಲವಲ್ಲ! ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕತ್ತನ್ನು ಸ್ವಲ್ಪ ಸಡಿಲ ಬಿಟ್ಟೆ. ಎರಡು ಕಡೆಯ ಶಿಸ್ತು ಕಲಿತವರ ಪಾಡೇ ಹೀಗೆ. ಈಗಲೂ ಸಭೆಯಲ್ಲಿ ಕೂತರೆ ನನ್ನ ಬೆನ್ನು ಹುಬ್ಬಳ್ಳಿಯಲ್ಲಿರುತ್ತದೆ, ತಲೆ ಅಕ್ಕಿಆಲೂರಿನಲ್ಲಿರುತ್ತದೆ.

ಇಷ್ಟು ಕಟ್ಟುನಿಟ್ಟಿನ ದೊಡ್ಡವ್ವ ಒಂದು ಹೊತ್ತಿನಲ್ಲಿ ಮಾತ್ರ ಕಚೇರಿ ಬಿಟ್ಟು ಎದ್ದುಬಿಡುತ್ತಿದ್ದಳು. ಅದು ಭೈರವಿಯ ಹೊತ್ತು. ಭೈರವಿ ಹಿಡಿದರೆ ಕಚೇರಿ ಮುಗಿಯುತ್ತ ಬಂತು ಎಂದು ಅರ್ಥ. ಅದು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು. ಬುವಾ ಬೆಳಿಗ್ಗೆ ಏನೂ ತಿನ್ನದೆ ಹಾಡುವವರು. ತಂಬೂರಿ ಕೆಳಗಿಟ್ಟ ಕೂಡಲೇ ಅವರ ಮುಂದೆ ಸುಡು ಸುಡುವ ಮೆಣಸಿನಕಾಯಿ ಭಜಿ ಬರಬೇಕು. ಇದು ದೊಡ್ಡಪ್ಪನ ಹಟ. ಭೈರವಿಯ ಮೊದಲ ಸಾಲು ಕೇಳಿದ್ದೇ ತಡ, ಪಡಸಾಲೆಯಿಂದ ಅವನ ದನಿ ಬರುತ್ತಿತ್ತು: "ಒಳಗ ಎಣ್ಣಿ ಇಡ್ರೀ!" ಅಷ್ಟರಲ್ಲಿ ದೊಡ್ಡವ್ವ ಎದ್ದಾಗಿರುತ್ತಿತ್ತು. ಅವಳ ಹಿಂದೆ ನಮ್ಮವ್ವ, ಅವ್ವನ ಹಿಂದೆ ಕಾಕಿ, ಕೊನೆಗೆ ನಾನು. ಒಬ್ಬರು ಹಿಟ್ಟು ಕಲಸುವುದು, ಒಬ್ಬರು ಒಲೆ ಊದುವುದು. ಮೊದಲ ಘಾಣದ ಭಜಿ ಬಾಣಲಿಯಿಂದ ಇಳಿಯುವುದರೊಳಗೆ ಅಲ್ಲಿ ಹಾಡು ಮುಗಿದು, ಗಂಡಸರು ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಎದ್ದಿರುತ್ತಿದ್ದರು. ಭೈರವಿ ಕೇಳಿದರೆ ನಮ್ಮ ದೊಡ್ಡಪ್ಪ ಕಣ್ಣೀರಿಡುತ್ತಾನೆ ಎಂದು ಹಾನಗಲ್ಲಿನವರೆಗೂ ಹೆಸರಾಗಿತ್ತು.

ನನಗಂತೂ ಭೈರವಿ ಎಂದರೆ ಮೊದಲೊಂದು ಸಾಲು, ಆಮೇಲೆ ಚೊಂಯ್ ಎನ್ನುವ ಸದ್ದು. ಅದೂ ರಾಗದಲ್ಲೇ ಸೇರಿದ್ದು ಎಂಬಷ್ಟು ಅಭ್ಯಾಸವಾಗಿತ್ತು.

ಹದಿನೈದನೆಯ ವಯಸ್ಸಿನಲ್ಲಿರಬೇಕು, ಒಂದು ಮಧ್ಯಾಹ್ನ ದೊಡ್ಡವ್ವನೂ ನಾನೂ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆವು. ಅವಳು ಆ ಭೈರವಿಯ ಮೊದಲ ಸಾಲನ್ನು ಗುನುಗುತ್ತಿದ್ದಳು. ಎರಡು ಸಲ, ಮೂರು ಸಲ, ಅದೇ ಸಾಲು.

"ಮುಂದಿಂದು ಅನ್ನಲ್ಲ ದೊಡ್ಡವ್ವಾ."

"ಮುಂದಿಂದು ನನಗೇನ್ ಗೊತ್ತು?"

"ಇಷ್ಟ್ ವರ್ಷಾ ಕೇಳಿ!"

"ನಾ ಎಲ್ಲಿ ಕೇಳೇನಿ ತಂಗಿ? ಈ ಮನಿಗೆ ಬಂದು ಇಪ್ಪತ್ತ ವರ್ಷ ಆತು. ಅಂವ ಬಾಯಿ ತಗದಾಗ ನಾ ಎದ್ದೇನಿ." ಒಂದು ಕಲ್ಲನ್ನು ಹೆಕ್ಕಿ ಬದಿಗಿಟ್ಟಳು. "ಒಂದ ಸಲ ಕುಂತು ಕಡೀತನಕಾ ಕೇಳಬೇಕು ನೋಡು. ಅಲ್ಲಿಂದ ಅಂವ ಎಲ್ಲಿಗೆ ಹೊಕ್ಕಾನೋ, ಹೆಂಗ ಹೊಳ್ಳಿ ಮನಿಗೆ ಬರತಾನೋ, ಅದರ ತಿಳೀಬೇಕು ನನಗ."

"ದೊಡ್ಡಪ್ಪಗ ಹೇಳು. ಭಜಿ ಮೊದಲ ಕರದು ಇಡೂಣು."

"ಹೇಳೇನಿ. ಆರಿದ ಭಜಿ ಬುವಾನ ಮುಂದಿಟ್ರ ನನ್ನ ಮಾನಾ ಏನಾತು ಅಂದ."

ಮನೆಗೆ ರೇಡಿಯೋ ಬಂದಾಗ ಅವಳಿಗೆ ಆಸೆಯಾಗಿತ್ತು. ಆದರೆ ಅದರ ಜಾಗ ಪಡಸಾಲೆಯಲ್ಲಿ, ಅದರ ಕಿವಿ ಹಿಂಡುವ ಹಕ್ಕು ದೊಡ್ಡಪ್ಪನಿಗೆ ಮಾತ್ರ. ಅವನಿಗೆ ಬೇಕಾದದ್ದು ಅಕ್ಕಿಯ ಧಾರಣೆ. "ನನ್ನ ಮನಿ ಅಂತ ಒಂದು ಆಗಲಿ ದೊಡ್ಡವ್ವಾ, ನಾ ಕೇಳಸ್ತೇನಿ" ಎಂದುಬಿಟ್ಟೆ. ಕೊಟ್ಟ ಮಾತಿಗೆ ತಪ್ಪಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ದೊಡ್ಡವ್ವ ನಕ್ಕು, "ಆತು ನಡಿ, ಅಲ್ಲಿ ನೀ ಭಜಿ ಕರಿಯಂತಿ" ಎಂದಳು.

ಅರವತ್ತರ ದಶಕ ಕಾಲಿಡುವಾಗ ನನ್ನ ಮದುವೆಯಾಯಿತು. ನಮ್ಮವರು ಹಂಸಭಾವಿಯಲ್ಲಿ ಮಾಸ್ತರರು. ಸಂಗೀತದಲ್ಲಿ ಅವರಿಗೆ ಗೊತ್ತಿದ್ದುದು ಶಾಲೆಯ ಗಂಟೆಯೊಂದೇ. ಆದರೆ ದೊಡ್ಡವ್ವನ ಕಥೆ ಹೇಳಿದಾಗ ಅವರು ನಗಲಿಲ್ಲ. ನಾಲ್ಕೈದು ವರ್ಷಗಳ ಮೇಲೆ, ಬುವಾ ಹಿರೇಕೆರೂರಿಗೆ ಒಂದು ಮದುವೆಗೆ ಬಂದಿದ್ದಾರೆಂದು ತಿಳಿದದ್ದೇ ಸೈಕಲ್ ಹತ್ತಿ ಹೊರಟುಬಿಟ್ಟರು. ಬೆವರಿನಲ್ಲಿ ತೊಯ್ದು ವಾಪಸು ಬಂದು, "ನಾಳಿದ್ದು ಮುಂಜಾನೆ. ಒಪ್ಪ್ಯಾರ. ಅಕ್ಕಿಆಲೂರಿನ ಭಜಿ ಮನಿ ಮಗಳು ಅಂದ ಕೂಡ್ಲೆ ಹೂಂ ಅಂದ್ರು" ಎಂದರು.

ಅಂದೇ ಅಕ್ಕಿಆಲೂರಿಗೆ ಸುದ್ದಿ ಕಳಿಸಿದೆವು. ಮರುದಿನವೇ ಅಪ್ಪ ದೊಡ್ಡವ್ವನನ್ನು ಕರೆತಂದು ಬಿಟ್ಟು ಹೋದ. ಅವಳ ಕೈಯಲ್ಲಿ ಒಂದು ಗಂಟು. ಬಿಚ್ಚಿದರೆ ಕಡ್ಲಿಹಿಟ್ಟು, ಹಸಿಮೆಣಸಿನಕಾಯಿ, ಒಂದು ಬಾಟಲಿ ಶೇಂಗಾ ಎಣ್ಣೆ!

"ಇದೇನ ದೊಡ್ಡವ್ವಾ! ನೀ ಕುಂತು ಕೇಳಾಕ ಬಂದೀ, ಕರಿಯಾಕಲ್ಲ."

"ಬುವಾ ಬರತಾರಂದ್ರ ಭಜಿ ಬ್ಯಾಡೇನು? ಮಂದಿ ಏನಂದಾರು?"

ಗಂಟನ್ನು ಹಾಗೆಯೇ ಎತ್ತಿ ಪಕ್ಕದ ಮನೆಯ ಬಸಮ್ಮನಿಗೆ ಕೊಟ್ಟುಬಂದೆ. ಶೇಂಗಾ ಹೋಳಿಗೆ ಹಿಂದಿನ ದಿನವೇ ಮಾಡಿಟ್ಟಿದ್ದೆ. ಚಹಾ ಬಸಮ್ಮನ ಮನೆಯಿಂದ ಬರುವುದೆಂದು ಗೊತ್ತುಮಾಡಿದೆ. ಬೆಳಿಗ್ಗೆ ಒಲೆಗೆ ನೀರು ಚಿಮುಕಿಸಿ, ಬೂದಿ ತೆಗೆದು, ಅಡಿಗೆಮನೆಯ ಚಿಲಕ ಹಾಕಿದೆ. ಯುದ್ಧಕ್ಕೆ ಹೊರಟವರೂ ಇಷ್ಟು ತಯಾರಿ ಮಾಡಿರಲಿಕ್ಕಿಲ್ಲ.

ನಮ್ಮದು ಬಾಡಿಗೆ ಮನೆ. ಮುಂದೊಂದು ಕೋಣೆ, ಹಿಂದೆ ಅಡಿಗೆಮನೆ, ಅಷ್ಟೆ. ನಡುಮನೆ ಎಂಬುದೇ ಇಲ್ಲದ್ದರಿಂದ ಗಂಡಸರು ಹೆಂಗಸರು ಎಲ್ಲ ಒಂದೇ ಕೋಣೆಯಲ್ಲಿ. ದೊಡ್ಡವ್ವ ಗೋಡೆಗೆ ಬೆನ್ನು ಕೊಟ್ಟು, ಬಳೆ ಮೇಲೆ ಸರಿಸಿ, ಬುವಾ ಅವರಿಂದ ಎರಡು ಮಾರು ದೂರದಲ್ಲಿ ಕೂತಳು. ತಾನು ಇಪ್ಪತ್ತೈದು ವರ್ಷ ಉಣಬಡಿಸಿದ ಮನುಷ್ಯ ಹಾಡುವುದನ್ನು ಅವಳು ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು. ಬುವಾ ಒಂದು ತಾನಿನಲ್ಲಿ ಹುಬ್ಬು ಮೇಲೇರಿಸಿ, ದವಡೆ ಓರೆ ಮಾಡಿ, ಗಾಳಿಯಲ್ಲಿ ಏನನ್ನೋ ಜಗ್ಗಿದಾಗ ಅವಳು ಗಾಬರಿಯಾಗಿ ನನ್ನ ಮೊಣಕಾಲು ಹಿಡಿದಳು.

"ದಿನಾ ಹಿಂಗ ಮಾರಿ ಮಾಡತಾರೇನ ಇವರು?"

"ಹಾಡೂ ಮಂದಿ ಹಂಗಽ ದೊಡ್ಡವ್ವಾ."

"ಏ ನನಗ ನೋಡೂದಾಗೂದಿಲ್ಲ" ಎಂದು ಕಣ್ಣು ಮುಚ್ಚಿಕೊಂಡಳು. ಆಮೇಲೆ ತೆರೆಯಲೇ ಇಲ್ಲ.

ಕಿಟಕಿಯ ಬಿಸಿಲು ಜಾಜಮಿನ ಮೇಲೆ ಸರಿಯುತ್ತ ಬಂತು. ಬುವಾ ನೀರು ಕುಡಿದರು. ತಂಬೂರಿಯ ಕಿವಿ ಹಿಂಡಿ, ತಬಲಾ ಮಾಸ್ತರರ ಕಡೆ ನೋಡಿ, ಭೈರವಿ ಹಿಡಿದರು. ಅದೇ ಸಾಲು.

ದೊಡ್ಡವ್ವ ಎದ್ದಳು.

ಕಣ್ಣು ಮುಚ್ಚಿದ್ದ ಹಾಗೆಯೇ, ಒಂದು ಕೈ ಮೊಣಕಾಲಿಗೆ, ಇನ್ನೊಂದು ಗೋಡೆಗೆ ಊರಿ, ಎದ್ದೇಬಿಟ್ಟಳು. ಅವಳು ಎದ್ದದ್ದು ಅವಳಿಗೇ ತಿಳಿದಿರಲಿಲ್ಲ. ನಾನು ಸೆರಗು ಹಿಡಿದು ಜಗ್ಗಿದೆ.

"ಎಣ್ಣಿ..." ಎಂದಳು.

"ಎಣ್ಣಿ ಇಲ್ಲ ದೊಡ್ಡವ್ವಾ. ಒಲಿನೂ ಇಲ್ಲ. ಕುಂದರು."

ಕೂತಳು. ಸೆರಗು ನನ್ನ ಮುಷ್ಟಿಯಲ್ಲೇ ಇತ್ತು. ಬಿಟ್ಟರೆ ಮತ್ತೆ ಏಳುತ್ತಾಳೆಂಬ ಭಯ. ಮೊದಲ ಸಾಲು ಮುಗಿದು ಹಾಡು ಮುಂದೆ ಹೋಯಿತು. ಅಕ್ಕಿಆಲೂರಿನಲ್ಲಿ ಭಜಿ ಬಾಣಲಿಗೆ ಬೀಳುವ ಹೊತ್ತು ದಾಟಿತು, ಇಳಿಯುವ ಹೊತ್ತೂ ದಾಟಿತು. ಅವಳ ತುಟಿ ಮೊದಮೊದಲು ಹಾಡಿನ ಜೊತೆ ಸಣ್ಣಗೆ ಅಲುಗುತ್ತಿತ್ತು. ಗುರುತಿನ ದಾರಿ ಮುಗಿದಲ್ಲಿ ನಿಂತಿತು. ಹಣೆಯ ಗೆರೆಗಳು ಕೂಡಿಕೊಂಡವು, ಅಪರಿಚಿತ ಊರಿನಲ್ಲಿ ಮನೆ ಹುಡುಕುವವರ ಹಾಗೆ. ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡವು. ಸರಿಸಿಟ್ಟ ಬಳೆಗಳಲ್ಲಿ ಒಂದು ಮಾತ್ರ ಜಾರಿ ಮುಂಗೈಗೆ ಬಂತು. ಅವಳು ಅದನ್ನು ಗಮನಿಸಲಿಲ್ಲ.

ಹಾಡು ನಿಂತಿತು. ಯಾರೂ ಕೆಮ್ಮಲಿಲ್ಲ. ಬಸಮ್ಮ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ತಾಟಿನಲ್ಲಿ ಹೋಳಿಗೆ ನೋಡಿ ಬುವಾ ತಮಾಷೆಗೆ ಕೇಳಿದರು, "ಏನ್ರಿ ಅಕ್ಕಾರ, ಇವತ್ತು ಭಜಿ ಇಲ್ಲೇನ್ರಿ?"

ದೊಡ್ಡವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ನಾನೇ ಅಂಜುತ್ತ ಹೇಳಿದೆ: ಭಜಿ ಕರಿಯಲು ಹೋದರೆ ದೊಡ್ಡವ್ವನಿಗೆ ಭೈರವಿ ತಪ್ಪುತ್ತದೆ, ಅದಕ್ಕೇ ಮಾಡಲಿಲ್ಲ ಎಂದು.

ಸವಣೂರಿನ ಮಾಸ್ತರರು ಜೋರಾಗಿ ನಕ್ಕರು. "ಅದಕ್ಕ ಮತ್ತ ಬುವಾಗ ಇವತ್ತು ಇಷ್ಟುದ್ದ ಹಾಡಾಕ ಬಂತು! ಹೇಳ್ರಿ ಬುವಾ, ಹೇಳ್ರಿ. ಇನ್ನೇನು ಮುಚ್ಚಿಡೂದು?"

ಬುವಾ ಮುಜುಗರದಿಂದ ಹೋಳಿಗೆ ಮುರಿದರು. "ಏನಿಲ್ರಿ ಅಕ್ಕಾರ. ನಿಮ್ಮ ಮನ್ಯಾಗ ನಾನು ಭೈರವಿ ಎಂದೂ ಪೂರಾ ಹಾಡಿಲ್ಲ. ಒಳಗ ಮೆಣಸಿನಕಾಯಿ ಎಣ್ಣಿಗೆ ಬಿತ್ತಂದ್ರ ಘಾಟು ನೇರ ಪಡಸಾಲಿಗೆ ಬರತಿತ್ರಿ. ಗಂಟಲಾ ಹಿಡೀತಿತ್ತು. ಎರಡು ಸುತ್ತು ಹಾಕಿ ಮುಗಿಸಿಬಿಡತಿದ್ದೆ."

ಕೋಣೆಯಲ್ಲಿ ಎಲ್ಲರೂ ನಕ್ಕರು. ನನ್ನ ಕಣ್ಣ ಮುಂದೆ ಕಣ್ಣೊರೆಸಿಕೊಳ್ಳುವ ದೊಡ್ಡಪ್ಪ ಬಂದು ನಿಂತ. ದೊಡ್ಡವ್ವ ನಗಲಿಲ್ಲ.

"ಅಂದ್ರ ಇಷ್ಟು ವರ್ಷ ನಿಮ್ಮ ಬಾಯಿ ನಾನಽ ಮುಚ್ಚಿಸೇನಿ ಅನ್ರಿ."

"ಮುಚ್ಚಿಸಿಲ್ರಿ ಅಕ್ಕಾರ, ತುಂಬಿಸೀರಿ" ಎಂದರು ಬುವಾ. "ಅಂಥಾ ಭಜಿ ಮತ್ತೆಲ್ಲಿ ಸಿಗತಿತ್ತು? ಹೆಂಗ ಬ್ಯಾಡ ಅನ್ಲಿ?"

ಆಗ ಅವಳು ನಕ್ಕಳು. ಆದರೆ ಆ ದಿನವೆಲ್ಲ ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ನಿಯಮ ಅವಳಿಗೂ ಒಂದೇ. ಅಕ್ಕಿಆಲೂರಿಗೆ ಹೋದವಳು ದೊಡ್ಡಪ್ಪನೊಡನೆ ಜಗಳವಾಡಿ, ಬರುವ ಸುಗ್ಗಿಗೆ ಭಜಿ ಬೇಡ, ಶಿರಾ ಸಾಕು ಎಂದು ಒಪ್ಪಿಸಿದಳಂತೆ. ಆ ಸುಗ್ಗಿಗೆ ಗಿರಣಿ ನಿಲ್ಲಲಿಲ್ಲ. ಬುವಾ ಅವರಿಗೆ ಪಾರ್ಶ್ವವಾಯು ಬಡಿದು ಮಾತೇ ಹೋಗಿತ್ತು. ನಾಲ್ಕು ವರ್ಷಕ್ಕೆ ದೊಡ್ಡವ್ವನೂ ಹೋದಳು.

ನಾನು ಹೇಳಬೇಕಾದದ್ದು ಇದಲ್ಲ. ಕಚೇರಿಯ ಮರುದಿನ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಹಿರೇಕೆರೂರಿನ ಕಡೆಯಿಂದ ಬಸ್ಸು ಬರುವುದು ತಡವಾಗಿತ್ತು. ಒಂದು ದಿನ ಒಳಗಿಟ್ಟುಕೊಂಡ ಮಾತು ಅವಳಿಂದ ಆಗ ಹೊರಟಿತು.

"ಕಡೀಕ ನೋಡು, ಎಲ್ಲಾ ಮುಗೀತು ಅನ್ನೂದ್ರಾಗ, ಅಂವ ಮತ್ತೊಮ್ಮೆ ಮ್ಯಾಲ ಹೋಗಿ, ಒಂದೊಂದಽ ಪಾವಟಿಗಿ ಇಳದು ಬಂದು, ಕಡೀ ಪಾವಟಿಗಿ ಮ್ಯಾಲ ಕುಂತಂಗ ಮಾಡಿ, ಕುಂದ್ರಲಿಲ್ಲ. ಅಲ್ಲೇ ನಿಂತ. ನನ್ನ ಜೀವಾ ಅಲ್ಲೇ ನಿಂತತು ನೋಡು. ನೀನೂ ಕೇಳಿದಿ ಹೌದಿಲ್ಲೋ ಅದನ್ನ?"

ನಾನು ಕೇಳಿರಲಿಲ್ಲ. ಎರಡು ಮಾರು ದೂರದಲ್ಲಿ ಬುವಾ ಹಾಡುತ್ತಿದ್ದರು, ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಅವಳ ಮುಖ ನೋಡುತ್ತ ಕೂತಿದ್ದೆ. ಅವಳ ಹಣೆಯ ಒಂದೊಂದು ಗೆರೆಯೂ ನೆನಪಿತ್ತು. ಭೈರವಿಯ ಎರಡನೆಯ ಸಾಲು ಕೂಡ ನನ್ನ ಕಿವಿಗೆ ಬಿದ್ದಿರಲಿಲ್ಲ.

"ಹೂಂ ದೊಡ್ಡವ್ವಾ, ಕೇಳಿದೆ" ಎಂದೆ.

"ಹಾಂ" ಎಂದು ಸಮಾಧಾನದಿಂದ ನನ್ನ ಕೈ ಸವರಿದಳು. ಅಷ್ಟರಲ್ಲಿ ಬಸ್ಸು ಬಂತು.

ಅಂದಿನಿಂದ ಎಷ್ಟೋ ಕಡೆ, ಎಷ್ಟೋ ಜನರ ಭೈರವಿ ಕೇಳಿದ್ದೇನೆ. ಬೇಗ ಹೋಗುತ್ತೇನೆ, ಅರ್ಧ ರೊಟ್ಟಿ ತಿಂದಿರುತ್ತೇನೆ, ಏಳುವ ಅಗತ್ಯವೇ ಇಲ್ಲದ ಕುರ್ಚಿಯಲ್ಲಿ ಕೊನೆಯ ತನಕ ಕೂರುತ್ತೇನೆ. ಹಾಡು ಮುಗಿಯಲು ಬಂದಾಗ ಉಸಿರು ಹಿಡಿದು ಕಾಯುತ್ತೇನೆ. ಒಮ್ಮೊಮ್ಮೆ ಸ್ವರವೊಂದು ಮೆಲ್ಲಗೆ ಮೆಟ್ಟಿಲಿಳಿದು ಬಂದು, ಕೂರಬೇಕಾದಲ್ಲಿ ಕೂರದೆ ನಿಲ್ಲುತ್ತದೆ. ಅವಳು ಹೇಳಿದ್ದು ಇದನ್ನೇ ಏನು ಎಂದು ಕೇಳಲು ಪಕ್ಕಕ್ಕೆ ತಿರುಗುತ್ತೇನೆ. ಅಲ್ಲಿ ಯಾರೋ ಗುರುತಿಲ್ಲದವರು ಕೂತು ತಲೆ ತೂಗುತ್ತಿರುತ್ತಾರೆ.